ಹತ್ತೂವರೆಗೆ ಹಡಗು

ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಸೀಮೆಯಲ್ಲಿ ಕೂತು
ನಾವೊಂದು ಬಂದರು ಕಟ್ಟಿಕೊಂಡಿದ್ದೇವೆ.
ಹದಿನೇಳು ಜನ, ಹದಿನೇಳು ಫೋನು.
ಅದರಲ್ಲಿ ಸಮುದ್ರ ಕಂಡವರು ಇಬ್ಬರು,
ಒಬ್ಬಳಿಗೆ ಆಗ ಮೂರು ವರ್ಷ.

ಶ್ರೀನಿವಾಸಪುರ, ಮುಳಬಾಗಿಲು ರಸ್ತೆ, ವೇಬ್ರಿಡ್ಜಿನ ಗೂಡು.
ಜೂನಿನಲ್ಲಿ ಇಲ್ಲಿ ರಾತ್ರಿ ಅನ್ನೋದಿಲ್ಲ.
ತೋತಾಪುರಿ ಲಾರಿಗಳು ಹತ್ತುತ್ತವೆ, ಇಳಿಯುತ್ತವೆ,
ಸೊನೆಯ ವಾಸನೆ ಕೀಬೋರ್ಡಿಗೂ ಅಂಟಿದೆ.
ತುಂಬಿದ ತೂಕ, ಖಾಲಿ ತೂಕ,
ಕಳೆದು ಉಳಿದದ್ದು ಚೀಟಿಗೆ.
ಎರಡು ಲಾರಿಗಳ ನಡುವೆ ನಾನು
ಹಡಗಿಗೆ ದಿನ ಗೊತ್ತು ಮಾಡುತ್ತೇನೆ.

ಸುಲಭವಲ್ಲ.
ಗುರುವಾರ ಬೇಡ, ಸುಂಕದ ಅಧಿಕಾರಿಗೆ ಇಂಟರ್ನಲ್ಸು.
ಶುಕ್ರವಾರ ದೀಪಸ್ತಂಭ ಕಾಯುವ ಮುದುಕನಿಗೆ
(ಚಿಂತಾಮಣಿಯ ಶಬೀನಾ, ವಯಸ್ಸು ಇಪ್ಪತ್ತೆರಡು)
ಅಕ್ಕನ ಮೆಹಂದಿ.
ಶನಿವಾರ ಮಾಲೂರಿನ ಕಡೆ ಕರೆಂಟು ತೆಗೀತಾರೆ,
ಕಡಲ್ಗಳ್ಳರು ಮೂವರೂ ಮಾಲೂರಿನವರೇ.
ಭಾನುವಾರ ಅಂದೆ. ಹತ್ತೂವರೆ ಅಂದೆ.
ಹಡಗು ಬರುವಾಗ ನೀರು ಮೇಲಿರುತ್ತೋ ಕೆಳಗೋ
ಅಂತ ಯಾರೋ ಕೇಳಿದರು.
ಸಮುದ್ರ ಕಂಡ ಇಬ್ಬರೂ ಜಗಳಕ್ಕೆ ಬಿದ್ದರು.
ಕೊನೆಗೆ ಓಟು ಹಾಕಿಸಿ
ಉಬ್ಬರವನ್ನು ಒಂಬತ್ತು ಐದರಲ್ಲಿ ಗೆಲ್ಲಿಸಿದೆ.

ಆಮೇಲೆ, ಪ್ರತಿ ಸಲದಂತೆ, ಸೂಚನೆಗಳು:
ತಡವಾಗಿ ಬಂದವರು ಹಿಂದಿನದನ್ನು ಓದಿ ಒಳಗೆ ಬನ್ನಿ.
ಒಂದೇ ಸಾಲು ಎಸೆದು ಓಡಿಹೋಗಬೇಡಿ.
ಕಪ್ತಾನನನ್ನು ಕೊಲ್ಲುವುದಾದರೆ
ಮೊದಲು ಮುನಿಕೃಷ್ಣನನ್ನು ಕೇಳಿ, ಅವನಿಗೆ ಅವನೆಂದರೆ ಪ್ರಾಣ.
ಮುಖ್ಯವಾಗಿ, ಇನ್ನೊಬ್ಬರ ಕೈಯನ್ನು ನೀವು ಎತ್ತಬೇಡಿ.
ಕತ್ತಿ ಬೀಸಿದೆ ಅಂತ ಬರೆಯಿರಿ,
ತಗುಲಿತು ಅಂತ ಬರೆಯಬೇಡಿ.
ತಗುಲಿತೋ ಇಲ್ಲವೋ
ಅದು ಎದುರಿನವರ ಸಾಲು.

ಭಾನುವಾರ ಒಂಬತ್ತಕ್ಕೆ ತಮ್ಮ ಬಂದ.
ಬೈಕು ಆರಿಸದೆಯೇ ಕವರಿನಿಂದ ತೆಗೆದ:
ಹಕ್ಕು ಬಿಡುಗಡೆ ಪತ್ರ, ನಾಲ್ಕು ಹಾಳೆ.
ಅದರಲ್ಲಿ ನಾನಿದ್ದೆ.
ಸ್ವಇಚ್ಛೆಯಿಂದ ಇದ್ದೆ, ಯಾರ ಒತ್ತಾಯವೂ ಇಲ್ಲದೆ ಇದ್ದೆ,
ಎರಡನೇ ಹಾಳೆಯಲ್ಲಿ ಸಂತೋಷವನ್ನೂ ಪಟ್ಟಿದ್ದೆ.
ಪಾತ್ರ ಚೆನ್ನಾಗಿತ್ತು.
ಬರೆದವರು ಸಬ್ ರಿಜಿಸ್ಟ್ರಾರ್ ಆಫೀಸಿನೆದುರಿನ ಪತ್ರಬರಹಗಾರರು,
ನನ್ನನ್ನು ಒಮ್ಮೆಯೂ ನೋಡಿದವರಲ್ಲ.
"ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ ಸೈನು ಹಾಕಕ್ಕ."
ಪೆನ್ನಿನ ಮುಚ್ಚಳವನ್ನೂ ಅವನೇ ತೆಗೆದ.

ಹೊರಗೆ ಹಾರ್ನು. ಚಿತ್ತೂರಿನ ಗಾಡಿ.
ಅಂಕಿಗಳು ಓಡಿ ಓಡಿ ನಿಂತವು:
ಹದಿನಾಲ್ಕು ಸಾವಿರದ ಇನ್ನೂರ ಅರವತ್ತು.
ಡ್ರೈವರ್ ಇಳೀಲಿ, ನಿನ್ನ ತೂಕ ಬೇಡ, ಅಂದೆ.
ಇಳಿದ. ಅರವತ್ತು ಹೋಯಿತು.
ಚೀಟಿ ಹರಿದು ಕೊಟ್ಟೆ.

ತಮ್ಮನಿಗೆ ಹೇಳಿದ್ದು ಇಷ್ಟೇ:
"ಬೀಸಿದೀಯ, ಸರಿ.
ತಗುಲ್ತು ಅಂತ ಯಾಕೋ ಬರೆಸ್ಕೊಂಡು ಬಂದೆ?"
ಅವನಿಗೆ ಅರ್ಥವಾಗಲಿಲ್ಲ. ಅಮ್ಮ ಬೇಜಾರಾಗ್ತಾಳೆ ಅಂದ.
ಬೇನಿಷಾ ಒಂದು ಕೊಟ್ಟೆ, ತಿಂದ.
ಮೊಣಕೈವರೆಗೂ ರಸ ಇಳಿದು
ಕಾಗದ ಮುಟ್ಟಲಾಗದೆ
ಕವರಿನೊಳಗೆ ನನ್ನ ಕೈಯಿಂದಲೇ ಹಾಕಿಸಿಕೊಂಡ.

ಹತ್ತೂವರೆಗೆ ಹಡಗು ಬರಲಿಲ್ಲ. ಹತ್ತು ಐವತ್ತಾಯಿತು.
ಹನ್ನೊಂದೇ ಜನ.
ಮಾಲೂರಿನಲ್ಲಿ ಅವತ್ತೂ ಕರೆಂಟು ಹೋಗಿ
ಕಳ್ಳರಿಲ್ಲದೆಯೇ ದರೋಡೆ ನಡೆಯಬೇಕಾಯಿತು.
ದೀಪಸ್ತಂಭದ ಮುದುಕ ಎಣ್ಣೆ ಹೊಯ್ದು
ಅಂಗೈಯ ಕೆಂಪನ್ನು ಬೆಳಕಿಗೆ ಹಿಡಿದು ನೋಡಿಕೊಂಡ.
ಅರವತ್ತೆಂಟರ ಗಂಡಸಿಗೆ ಮೆಹಂದಿ ಎಲ್ಲಿಂದ ಬಂತು,
ಯಾರೂ ಕೇಳಲಿಲ್ಲ.

ನನ್ನದು ಸಣ್ಣ ಪಾತ್ರ. ಹಡಗುಕಟ್ಟೆಯಲ್ಲಿ
ಹಗ್ಗ ಹಿಡಿಯುವ ಹೆಂಗಸು. ಹೆಸರೂ ಇಟ್ಟಿಲ್ಲ.
ಏರ್ಪಾಡು ಮಾಡುವವರಿಗೆ ಅಷ್ಟು ಸಾಕು ಅಂತ.
"ಕತ್ತಲಲ್ಲಿ ಕಟ್ಟೆಯ ಕಡೆಗೆ ಹಗ್ಗ ಎಸೆದೆ,"
ಅಂತ ಕಪ್ತಾನ ಬರೆದ.
ಬರೆದು, ಸೂಚನೆಯಂತೆ, ಅಲ್ಲಿಗೇ ನಿಲ್ಲಿಸಿದ.

ಹತ್ತು ಊರುಗಳಲ್ಲಿ ಹತ್ತು ಜನ ಕಾಯುತ್ತಿದ್ದಾರೆ.
ಹೊರಗೆ ಇನ್ನೊಂದು ಲಾರಿ, ಬಿಡದೆ ಹಾರ್ನು.
ತಾಳಪ್ಪಾ,
ಅಂದೆ.